ಮರ್ಯಾದೆಯ ರಾಜೀನಾಮೆ

ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿ, ಮಗನೋ ಸೊಸೆಯೋ ದುಡಿಯುತ್ತಿರುವ ಸಾಫ್ಟ್‌ವೇರ್ ಸಂಸ್ಥೆಯು ಜನರನ್ನು ತೆಗೆಯಲು ಹೊರಟಿದೆಯೆಂಬ ಸುದ್ದಿ ಬಂದೊಡನೆ, ಮೊದಲು ಹಿರಿಯರ ಬಾಯಿಂದಲೂ ಆಮೇಲೆ ಗೆಳೆಯರ ಬಾಯಿಂದಲೂ ಕೊನೆಗೆ ಆ ಸಂಸ್ಥೆಯ ಎಚ್‌ಆರ್ ವಿಭಾಗದ ಬಾಯಿಂದಲೂ ಒಂದೇ ಉಪದೇಶವು ಹೊರಡುತ್ತದೆ: ಜಗಳಕ್ಕೆ ನಿಲ್ಲಬೇಡ, ಕೇಳಿದರೆ ರಾಜೀನಾಮೆ ಬರೆದುಕೊಡು, ರಿಲೀವಿಂಗ್ ಲೆಟರ್ ಕೈಗೆ ತೆಗೆದುಕೊಂಡು ಮರ್ಯಾದೆಯಿಂದ ಹೊರಗೆ ಬಾ, ಕಾರ್ಮಿಕ ಕಾನೂನೆಂಬುದು ಕಾರ್ಖಾನೆಯವರಿಗೆ, ನಮ್ಮಂಥವರಿಗಲ್ಲ. ಕೆಲಸ ಕಳೆದುಕೊಳ್ಳುವವನ ತಂದೆ, ಅವನ ಸ್ನೇಹಿತ, ಅವನನ್ನು ಹೊರಹಾಕಲು ನೇಮಕಗೊಂಡ ಅಧಿಕಾರಿ, ಈ ಮೂವರೂ ಒಂದೇ ಸ್ವರದಲ್ಲಿ ಮಾತನಾಡುವ ಪ್ರಸಂಗ ಲೋಕವ್ಯವಹಾರದಲ್ಲಿ ಅಪರೂಪ. ಅಂಥ ಏಕಾಭಿಪ್ರಾಯ ಕಂಡಾಗ ಅದರಿಂದ ಯಾರಿಗೆ ಲಾಭವೆಂದು ವಿಚಾರಿಸುವುದು ವಿವೇಕಿಗಳಿಗೆ ತಕ್ಕ ಕೆಲಸ.

ವಿಚಾರಿಸಿದ್ದಾದರೆ, ಈ ಉಪದೇಶವು ಕಾನೂನಿನ ದೃಷ್ಟಿಯಿಂದ ಬಹುಮಟ್ಟಿಗೆ ಸುಳ್ಳೆಂದೂ, ಹಣದ ದೃಷ್ಟಿಯಿಂದ ಶುದ್ಧ ನಷ್ಟವೆಂದೂ, ಅದರಲ್ಲಿ ಹೇಳುವ ಮರ್ಯಾದೆಯು ನೌಕರನ ಪಾಲಿಗೆ ಬಾರದೆ ಸಂಸ್ಥೆಯ ಪಾಲಿಗೇ ಸಲ್ಲುವುದೆಂದೂ ಕಂಡುಬರುವುದರಲ್ಲಿ ನನಗೆ ಸಂದೇಹವಿಲ್ಲ. ಉಪದೇಶ ಕೊಡುವ ಹಿರಿಯರ ಸದುದ್ದೇಶವನ್ನು ನಾನು ಶಂಕಿಸುತ್ತಿಲ್ಲ. ಸರಕಾರಿ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ತಮ್ಮ ಕೆಲಸ ಹೋಗುವ ಭಯವನ್ನೇ ಅರಿಯದವರು, ತಮ್ಮನ್ನು ಕಾಪಾಡಿದ್ದು ತಮ್ಮ ಸೌಮ್ಯ ಸ್ವಭಾವವೆಂದು ನಂಬಿಕೊಂಡಿದ್ದಾರೆ. ಅವರನ್ನು ಕಾಪಾಡಿದ್ದು ಸೇವಾ ನಿಯಮಗಳು ಮತ್ತು ನೌಕರ ಸಂಘಗಳು.

ಮೊದಲು ಆ ಕೋಣೆಯನ್ನು ಕಣ್ಣೆದುರಿಗೆ ತಂದುಕೊಳ್ಳಬೇಕು. ಗಾಜಿನ ಗೋಡೆಯ ಸಣ್ಣ ಮೀಟಿಂಗ್ ರೂಮು. ಮೇಜಿನ ಆಚೆಗೆ ಎಚ್‌ಆರ್‌ನವರು ಇಬ್ಬರು, ಅವರಲ್ಲೊಬ್ಬರನ್ನು ನೌಕರನು ಹಿಂದೆಂದೂ ಕಂಡವನಲ್ಲ. ಕ್ಯಾಲೆಂಡರಿನಲ್ಲಿ ‘ಕ್ವಿಕ್ ಕನೆಕ್ಟ್’ ಎಂಬ ಹೆಸರಿನಲ್ಲಿ ಹದಿನೈದು ನಿಮಿಷಕ್ಕೆ ಕರೆದದ್ದು. ಮಾತು ‘ನಿಮ್ಮ ಕೆಲಸದ ಬಗ್ಗೆ ನಮಗೇನೂ ದೂರಿಲ್ಲ’ ಎಂದು ಮೊದಲಾಗಿ, ‘ಬಿಸಿನೆಸ್ ರಿಕ್ವೈರ್‌ಮೆಂಟ್’ ಎಂಬಲ್ಲಿಗೆ ಬಂದು, ‘ನೀವೇ ರಾಜೀನಾಮೆ ಕೊಟ್ಟರೆ ನಿಮ್ಮ ರೆಕಾರ್ಡು ಚೆನ್ನಾಗಿ ಉಳಿಯುತ್ತದೆ, ಟರ್ಮಿನೇಟ್ ಮಾಡಿದರೆ ಮುಂದೆ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಕಷ್ಟವಾಗುತ್ತದೆ’ ಎಂಬಲ್ಲಿ ನಿಲ್ಲುತ್ತದೆ. ಪತ್ರದ ಒಕ್ಕಣೆ ಸಿದ್ಧವಾಗಿರುತ್ತದೆ. ನೌಕರನು ತನ್ನ ಲ್ಯಾಪ್‌ಟಾಪಿನಿಂದ ತನ್ನ ಕೈಯಾರೆ ಅದನ್ನು ಕಳಿಸಬೇಕು, ಅದರಲ್ಲಿ ‘ವೈಯಕ್ತಿಕ ಕಾರಣಗಳಿಂದ’ ಎಂಬ ಮಾತು ಇರಲೇಬೇಕು. ಸಂಜೆಯ ವೇಳೆಗೆ ಬ್ಯಾಡ್ಜು ಬಾಗಿಲು ತೆರೆಯುವುದಿಲ್ಲ.

ಇದು ನನ್ನ ಊಹೆಯೆನ್ನುವವರು 2017ರ ಜುಲೈ ತಿಂಗಳನ್ನು ಜ್ಞಾಪಿಸಿಕೊಳ್ಳಬಹುದು. ಟೆಕ್ ಮಹೀಂದ್ರ ಸಂಸ್ಥೆಯ ಎಚ್‌ಆರ್ ಉದ್ಯೋಗಿಯೊಬ್ಬರು ನೌಕರನೊಬ್ಬನಿಗೆ, ವೆಚ್ಚ ಕಡಿತದ ಪಟ್ಟಿಯಲ್ಲಿ ನಿನ್ನ ಹೆಸರಿದೆ, ನಾಳೆ ಬೆಳಗ್ಗೆ ಹತ್ತು ಗಂಟೆಯೊಳಗೆ ರಾಜೀನಾಮೆ ಕಳಿಸು, ಇಲ್ಲವಾದರೆ ಟರ್ಮಿನೇಷನ್ ಎಂದು ಹೇಳಿದ ದೂರವಾಣಿ ಸಂಭಾಷಣೆಯ ಧ್ವನಿಮುದ್ರಣ ಆಗ ಊರೆಲ್ಲ ಹರಡಿತು. ಆನಂದ್ ಮಹೀಂದ್ರ ಅವರೇ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಅಂದು ನಾಡು ಸಿಟ್ಟಾದದ್ದು ಧ್ವನಿಯ ಒರಟುತನಕ್ಕೆ. ಬೇಡಿಕೆಯ ಸ್ವರೂಪವನ್ನು ಕುರಿತು ಯೋಚಿಸಿದವರು ಕಡಿಮೆ. ಹೊರಹಾಕುವ ಅಧಿಕಾರ ತನ್ನ ಕೈಯಲ್ಲೇ ಇರುವಾಗ, ಸಂಸ್ಥೆಯೊಂದು ರಾಜೀನಾಮೆಗಾಗಿ ಇಷ್ಟೊಂದು ಹಠ ಹಿಡಿಯುವುದು ಏತಕ್ಕೆ? ನೌಕರನ ರೆಕಾರ್ಡಿನ ಮೇಲಣ ಮಮತೆಯಿಂದಲೋ?

ಇದಕ್ಕೆ ಉತ್ತರವು ಎಪ್ಪತ್ತು ವರ್ಷಗಳಿಗೂ ಹಿಂದಿನ ಒಂದು ಶಾಸನದಲ್ಲಿದೆ. 1953ರಲ್ಲಿ ಜವಳಿ ಗಿರಣಿಗಳಲ್ಲಿ ಮಾರಾಟವಾಗದ ಬಟ್ಟೆಯ ದಾಸ್ತಾನು ಬೆಳೆದು, ಪಾಳಿಗಳು ನಿಂತು, ಸಾವಿರಾರು ಜನರು ಬೀದಿಗೆ ಬೀಳುವ ಸಂಭವವು ಒದಗಿದಾಗ, ಕೇಂದ್ರದಲ್ಲಿ ಕಾರ್ಮಿಕ ಸಚಿವರಾಗಿದ್ದ, ಮುಂದೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರೂ ದೇಶದ ರಾಷ್ಟ್ರಪತಿಗಳೂ ಆದ ವಿ. ವಿ. ಗಿರಿಯವರ ಕಾಲದಲ್ಲಿ, 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ ಒಂದು ಹೊಸ ಅಧ್ಯಾಯವು ಸೇರಿತು. ಅದರ 25ಎಫ್ ಪ್ರಕರಣದ ಪ್ರಕಾರ, ಒಂದು ವರ್ಷದ ಸತತ ಸೇವೆ, ಎಂದರೆ ಸಾಮಾನ್ಯವಾಗಿ 240 ದಿವಸಗಳ ಕೆಲಸ, ಪೂರೈಸಿದವನನ್ನು ತೆಗೆಯಬೇಕಾದರೆ, ಕಾರಣವನ್ನು ನಮೂದಿಸಿ ಒಂದು ತಿಂಗಳ ಲಿಖಿತ ನೋಟಿಸನ್ನೋ ಅದರ ಬದಲಿಗೆ ವೇತನವನ್ನೋ ಕೊಡಬೇಕು, ಸೇವೆಯ ಪ್ರತಿ ವರ್ಷಕ್ಕೂ ಹದಿನೈದು ದಿವಸಗಳ ಸರಾಸರಿ ವೇತನವನ್ನು ಪರಿಹಾರವಾಗಿ, ತೆಗೆಯುವ ಹೊತ್ತಿನಲ್ಲೇ, ಸಲ್ಲಿಸಬೇಕು, ಸರಕಾರಕ್ಕೆ ತಿಳಿಸಬೇಕು. ಒಂದೇ ವರ್ಗದ ಕೆಲಸದವರಲ್ಲಿ ಕೊನೆಗೆ ಬಂದವನು ಮೊದಲು ಹೋಗಬೇಕು, ಹಾಗಾಗದಿದ್ದಲ್ಲಿ ಕಾರಣವನ್ನು ಬರೆದಿಡಬೇಕು. ಮತ್ತೆ ಜನರನ್ನು ತೆಗೆದುಕೊಳ್ಳುವಾಗ ಹೋದವನಿಗೆ ಮೊದಲ ಅವಕಾಶ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಆ ಹಳೆಯ ಕಾಯ್ದೆಯನ್ನು ತೆರವುಗೊಳಿಸಿದೆಯಾದರೂ, ನೋಟಿಸು ಮತ್ತು ಪರಿಹಾರದ ಈ ತಿರುಳನ್ನು ಉಳಿಸಿಕೊಂಡು, ತೆಗೆಯಲ್ಪಟ್ಟ ಪ್ರತಿಯೊಬ್ಬ ಕೆಲಸಗಾರನಿಗೂ ಇನ್ನೊಂದು ಹದಿನೈದು ದಿವಸಗಳ ವೇತನವನ್ನು ಮರುಕೌಶಲ ನಿಧಿಯ ಮೂಲಕ ಕೊಡಬೇಕೆಂದೂ ಸೇರಿಸಿದೆ.

ಕಾನೂನಿನ ಭಾಷೆಯಲ್ಲಿ ರಿಟ್ರೆಂಚ್‌ಮೆಂಟ್ ಎಂದರೆ, ಶಿಕ್ಷಾರೂಪವಾಗಿ ಅಲ್ಲದೆ, ಯಾವುದೇ ಕಾರಣಕ್ಕಾಗಿ ಮಾಲೀಕನು ಸೇವೆಯನ್ನು ಕೊನೆಗಾಣಿಸುವುದು. ಇದರ ವ್ಯಾಪ್ತಿ ಬಹಳ ವಿಶಾಲವಾದದ್ದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 1990ರಲ್ಲಿ ಎತ್ತಿಹಿಡಿದಿದೆ. ಬಿಸಿನೆಸ್ ರಿಕ್ವೈರ್‌ಮೆಂಟ್, ರೀಸ್ಟ್ರಕ್ಚರಿಂಗ್, ಪ್ರಾಜೆಕ್ಟಿಲ್ಲದೆ ಬೆಂಚ್ ಮೇಲೆ ಕುಳಿತ ಕಾಲ ಮೀರಿದ್ದು, ಕೃತಕ ಬುದ್ಧಿಮತ್ತೆ ಬಂದದ್ದು, ಯಾವ ಹೆಸರಿಟ್ಟರೂ ಅದು ಈ ಬಲೆಯೊಳಗೇ ಬೀಳುತ್ತದೆ. ಬಲೆಯಿಂದ ನುಸುಳಿಹೋಗಲು ಇರುವ ಕಿಂಡಿಗಳು ಕೆಲವೇ. ಅವುಗಳಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ನೌಕರನೇ ಸ್ವಂತ ಇಚ್ಛೆಯಿಂದ ಬಿಟ್ಟುಹೋಗುವುದು. ಮಾಲೀಕನು ತೆಗೆದರೆ ನೋಟಿಸು, ಪರಿಹಾರ, ಸರಕಾರಕ್ಕೆ ತಿಳಿವಳಿಕೆ, ಜ್ಯೇಷ್ಠತೆಯ ಲೆಕ್ಕ, ಮರುನೇಮಕದ ಹೊಣೆ. ನೌಕರನು ತಾನಾಗಿ ಬಿಟ್ಟರೆ ಇವಾವುವೂ ಇಲ್ಲ. ‘ವೈಯಕ್ತಿಕ ಕಾರಣಗಳಿಂದ’ ಎಂಬ ಎರಡು ಪದಗಳ ಬೆಲೆಯನ್ನು ತಿಳಿಯಬೇಕಾದರೆ, ಎಂಟು ವರ್ಷ ದುಡಿದವನೊಬ್ಬನ ಲೆಕ್ಕ ಹಾಕಿ ನೋಡಬಹುದು: ಪರಿಹಾರವೇ ಸುಮಾರು ನಾಲ್ಕು ತಿಂಗಳ ವೇತನ, ನೋಟಿಸಿನ ಒಂದು ತಿಂಗಳು, ನಿಧಿಯ ಅರ್ಧ ತಿಂಗಳು. ಇಷ್ಟನ್ನೂ ಅವನು ಹದಿನೈದು ನಿಮಿಷಗಳಲ್ಲಿ ದಾನ ಮಾಡಿ, ದಾನ ಪಡೆದವರಿಗೆ ‘ಥ್ಯಾಂಕ್ಸ್ ಫಾರ್ ದಿ ಆಪರ್ಚುನಿಟಿ’ ಎಂದು ಬರೆದು ಹೊರಬರುತ್ತಾನೆ. ಕರ್ಣನಾದರೂ ಕವಚವನ್ನು ಕೊಯ್ದು ಕೊಡುವಾಗ ಕೇಳುತ್ತಿರುವವನು ಯಾರೆಂಬುದನ್ನು ಬಲ್ಲವನಾಗಿದ್ದನು.

ಇಲ್ಲಿಗೆ ಪ್ರತಿವಾದಿಗಳು ತಮ್ಮ ಮುಖ್ಯಾಸ್ತ್ರವನ್ನು ಹೊರತೆಗೆಯುವರು: ಇದೆಲ್ಲ ಮಗ್ಗದವನಿಗೆ, ಲೇತ್ ಯಂತ್ರದವನಿಗೆ, ತಿಂಗಳಿಗೆ ಲಕ್ಷ ರೂಪಾಯಿ ಪಡೆಯುವ ಇಂಜಿನಿಯರನು ಕಾರ್ಮಿಕನೆಂದು ಯಾವ ನ್ಯಾಯಾಲಯವು ಒಪ್ಪೀತು? ಈ ಮಾತು ಎಷ್ಟು ವಿಶ್ವಾಸದಿಂದ ಹೇಳಲ್ಪಡುತ್ತದೆಯೆಂದರೆ, ಹೇಳುವವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಕಾನೂನಿನ ಆ ವ್ಯಾಖ್ಯೆಯನ್ನು ಒಮ್ಮೆಯಾದರೂ ಓದಿಲ್ಲವೆಂಬುದು ಅದರಿಂದಲೇ ಗೊತ್ತಾಗುತ್ತದೆ. ಹಳೆಯ ಕಾಯ್ದೆಯಲ್ಲೂ ಹೊಸ ಸಂಹಿತೆಯಲ್ಲೂ ದೈಹಿಕ, ಕುಶಲ, ಅಕುಶಲ ಕೆಲಸಗಳ ಜೊತೆಯಲ್ಲಿ ‘ತಾಂತ್ರಿಕ’ ಕೆಲಸವು ಸ್ಪಷ್ಟವಾಗಿ ಹೆಸರಿಸಲ್ಪಟ್ಟಿದೆ. ವೇತನದ ಮಿತಿಯೊಂದು ಉಂಟು, ಹೌದು. ಹೊಸ ಸಂಹಿತೆಯಲ್ಲಿ ಅದು 18,000 ರೂಪಾಯಿ. ಆದರೆ ಅದು ಅನ್ವಯಿಸುವುದು ಮೇಲ್ವಿಚಾರಣೆಯ ಕೆಲಸ ಮಾಡುವವರಿಗೆ. ತಾಂತ್ರಿಕ ಕೆಲಸಕ್ಕೆ ವೇತನದ ಮಿತಿಯೇ ಇಲ್ಲ. ಕೋಡ್ ಬರೆಯುವವನು, ಅದನ್ನು ಪರೀಕ್ಷಿಸುವವನು, ಸರ್ವರ್‌ಗಳನ್ನು ರಾತ್ರಿ ಪಾಳಿಯಲ್ಲಿ ಕಾಯುವವನು, ಲಕ್ಷವನ್ನಲ್ಲ ಎರಡು ಲಕ್ಷವನ್ನು ಪಡೆದರೂ, ಕೆಲಸಗಾರನೆಂದು ವಾದಿಸಲು ಕಾನೂನು ಬಾಗಿಲು ತೆರೆದೇ ಇಟ್ಟಿದೆ.

ಬಿರುದು ಏನಾದರೂ ಇರಲಿ, ನಿಜವಾಗಿ ಮಾಡುವ ಪ್ರಧಾನ ಕೆಲಸ ಯಾವುದೆಂಬುದನ್ನೇ ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ಅನೇಕ ಸಲ ಹೇಳಿದೆ. ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಬಿರುದುಗಳಿಗೇನು ಬರಗಾಲ! ಅಸೋಸಿಯೇಟ್ ಮ್ಯಾನೇಜರ್, ಲೀಡ್, ಆರ್ಕಿಟೆಕ್ಟ್, ಪ್ರಿನ್ಸಿಪಲ್. ಮೂರು ವರ್ಷದ ಅನುಭವಕ್ಕೆ ‘ಸೀನಿಯರ್’. ಇವರಲ್ಲಿ ಒಬ್ಬರ ರಜೆಯನ್ನಾದರೂ ಮಂಜೂರು ಮಾಡುವ ಅಧಿಕಾರವುಳ್ಳವರು ಎಷ್ಟು ಜನ? 2015ರಲ್ಲಿ ಟಿಸಿಎಸ್‌ನಿಂದ ತೆಗೆಯಲ್ಪಟ್ಟ ಇಂಜಿನಿಯರ್ ಒಬ್ಬರು ಚೆನ್ನೈನ ಕಾರ್ಮಿಕ ನ್ಯಾಯಾಲಯಕ್ಕೆ ಹೋದಾಗ, ಸಂಸ್ಥೆಯು ಅವರನ್ನು ಮ್ಯಾನೇಜರ್ ವರ್ಗದವರೆಂದು ವಾದಿಸಿತು. ಏಳು ವರ್ಷಗಳ ಬಳಿಕ, 2022ರಲ್ಲಿ, ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿ, ಅವರು ಕೆಲಸಗಾರರೇ ಎಂದು ನಿರ್ಣಯಿಸಿ, ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ತೀರ್ಪಿತ್ತಿತು. ಅದೇ 2015ರ ಜನವರಿಯಲ್ಲಿ ಅದೇ ಸಂಸ್ಥೆಯ ಮಹಿಳಾ ಉದ್ಯೋಗಿಯೊಬ್ಬರನ್ನು ತೆಗೆಯುವುದಕ್ಕೆ ಮದ್ರಾಸ್ ಉಚ್ಚ ನ್ಯಾಯಾಲಯವು ಮಧ್ಯಂತರ ತಡೆ ನೀಡಿತ್ತು. ‘ಯಾವ ನ್ಯಾಯಾಲಯವು ಒಪ್ಪೀತು’ ಎಂಬ ಪ್ರಶ್ನೆ ಆಲಂಕಾರಿಕವಾಗಿ ಉಳಿಯಬಾರದೆಂದು ಇವನ್ನು ಹೇಳಬೇಕಾಯಿತು.

ಕರ್ನಾಟಕದಲ್ಲಿಯೇ ಇನ್ನೂ ಹತ್ತಿರದ ಒಂದು ಸಾಕ್ಷ್ಯವುಂಟು. ನೌಕರಿಯ ಷರತ್ತುಗಳನ್ನು ಬರೆದು ಪ್ರಕಟಿಸಬೇಕೆಂದು ಕಡ್ಡಾಯ ಮಾಡಿದ 1946ರ ಸ್ಥಾಯೀ ಆದೇಶಗಳ ಕಾಯ್ದೆಯಿಂದ ಐಟಿ ಉದ್ಯಮಕ್ಕೆ ರಾಜ್ಯ ಸರಕಾರವು 2014ರಲ್ಲಿ, ಮತ್ತೆ 2019ರಲ್ಲಿ, ಮತ್ತೆ 2024ರಲ್ಲಿ ಐದೈದು ವರ್ಷಗಳ ವಿನಾಯಿತಿಯನ್ನು ಕೊಟ್ಟಿತು. ಕಾನೂನು ಅನ್ವಯಿಸದವರಿಗೆ ಅದರಿಂದ ವಿನಾಯಿತಿಯನ್ನು ಯಾರಾದರೂ ಬೇಡುವುದುಂಟೇ? ಸಂಸ್ಥೆಗಳು ಐದು ವರ್ಷಕ್ಕೊಮ್ಮೆ ವಿಧಾನಸೌಧದ ಮೆಟ್ಟಿಲೇರಿ ಈ ಅನುಗ್ರಹವನ್ನು ಪಡೆದದ್ದೇ, ಕಾರ್ಮಿಕ ಶಾಸನಗಳು ತಮಗೂ ತಗಲುತ್ತವೆಂಬುದನ್ನು ಅವು ಚೆನ್ನಾಗಿ ಬಲ್ಲವೆಂಬುದಕ್ಕೆ ಪ್ರಮಾಣ, ಅರಿಯದವರು ನಾವು. ಆ ವಿನಾಯಿತಿಗೂ ಷರತ್ತುಗಳಿದ್ದವು: ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು, ಅಮಾನತು, ವಜಾ, ಹಿಂಬಡ್ತಿಯಂಥ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು. ರಾಜೀನಾಮೆಯನ್ನು ಮಾತ್ರ ತಿಳಿಸಬೇಕಾಗಿರಲಿಲ್ಲ. ರಾಜೀನಾಮೆಯ ಮೇಲಣ ಪ್ರೀತಿಗೆ ಇದೂ ಒಂದು ಕಾರಣವೆಂದು ಊಹಿಸಲು ವಿಶೇಷ ಪ್ರತಿಭೆಯೇನೂ ಬೇಡ.

ನಿಜವಾಗಿಯೂ ಮ್ಯಾನೇಜರ್ ಆಗಿರುವವರು, ಜನರನ್ನು ನೇಮಿಸುವ, ಬಡ್ತಿ ಕೊಡುವ, ತೆಗೆಯುವ ಅಧಿಕಾರವುಳ್ಳವರು, ಈ ರಕ್ಷಣೆಯ ಹೊರಗಿದ್ದಾರೆಂಬುದನ್ನು ಒಪ್ಪಬೇಕು. ಆದರೂ ಅವರು ಬರಿಗೈಯವರಲ್ಲ. ನೇಮಕಾತಿ ಪತ್ರದಲ್ಲಿ ಬರೆದ ನೋಟಿಸ್ ಅವಧಿ ಅವರದು. ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ ಅವರದು. ಬಾಕಿ ವೇತನವನ್ನು ಸೇವೆ ಕೊನೆಗೊಂಡ ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂಬ ವೇತನ ಸಂಹಿತೆಯ ನಿಯಮ ಅವರಿಗೂ ಸೇರಿದ್ದು, ‘ಫುಲ್ ಅಂಡ್ ಫೈನಲ್ ನಲವತ್ತೈದು ದಿನ ಆಗುತ್ತೆ ಸಾರ್’ ಎಂಬ ಹಳೆಯ ಉತ್ತರಕ್ಕೆ ಈಗ ಆಧಾರವಿಲ್ಲ. ಒಬ್ಬನ ಇಚ್ಛೆಯ ಮೇಲೆ ಅಧಿಕಾರವುಳ್ಳವನು ಅನುಚಿತ ಪ್ರಭಾವ ಬೀರಿ ಪಡೆದ ಸಮ್ಮತಿಯನ್ನು ರದ್ದುಪಡಿಸಬಹುದೆಂದು 1872ರ ಕರಾರು ಕಾಯ್ದೆಯೇ ಹೇಳುತ್ತದೆ.

ಎರಡನೆಯ ಆಕ್ಷೇಪವು ಅರ್ಥಶಾಸ್ತ್ರದ ವೇಷವನ್ನು ತೊಟ್ಟು ಬರುತ್ತದೆ. ಸಂಸ್ಥೆ ಉಳಿದರಲ್ಲವೆ ಕೆಲಸ ಉಳಿಯುವುದು? ಕಾನೂನಿನ ಕಟ್ಟಳೆಗಳಿಂದ ಕೈಕಟ್ಟಿದರೆ ಉದ್ಯಮವು ಹೈದರಾಬಾದಿಗೋ ವಿಯೆಟ್ನಾಮಿಗೋ ಹೋದೀತಲ್ಲವೆ? ಈ ವಾದ ಮಾಡುವವರು ಕಾನೂನು ಹೇಳುವುದನ್ನು ಕೇಳಿಯೇ ಇಲ್ಲ. ತೆಗೆಯಬಾರದೆಂದು ಅದು ಹೇಳುವುದಿಲ್ಲ. ಸರಕಾರದ ಪೂರ್ವಾನುಮತಿ ಬೇಕೆಂಬ ಕಠಿಣ ನಿಯಮವು ಕಾರ್ಖಾನೆ, ಗಣಿ, ತೋಟಗಳಿಗೆ ಮಾತ್ರ, ಅದೂ ಈಗ 300 ಕೆಲಸಗಾರರಿಗಿಂತ ಕಡಿಮೆಯಿದ್ದರೆ ಇಲ್ಲ. ಸಾಫ್ಟ್‌ವೇರ್ ಸಂಸ್ಥೆಗೆ ಅದರ ಸೋಂಕೇ ಇಲ್ಲ. ಸಂಸ್ಥೆಯು ತನಗೆ ಬೇಡವಾದ ಹುದ್ದೆಯನ್ನು ಇಂದೇ ತೆಗೆಯಬಹುದು. ಕಾನೂನು ಕೇಳುವುದು, ಬರೆದುಕೊಟ್ಟು ತೆಗೆ, ಬೆಲೆ ಕೊಟ್ಟು ತೆಗೆ, ಇಷ್ಟೇ. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯ ಶೇಕಡಾ 2ರಷ್ಟು, ಎಂದರೆ 12,000ಕ್ಕೂ ಹೆಚ್ಚು ಜನರನ್ನು, ಹೆಚ್ಚಾಗಿ ಮಧ್ಯಮ ಮತ್ತು ಮೇಲಿನ ಹಂತದವರನ್ನು, ಕಡಿಮೆ ಮಾಡುವುದಾಗಿ ಘೋಷಿಸಿತು. ಅದಕ್ಕೆ ಹಿಂದಿನ ಮೂರೇ ತಿಂಗಳಲ್ಲಿ ಅದರ ನಿವ್ವಳ ಲಾಭವು 12,760 ಕೋಟಿ ರೂಪಾಯಿ. ಇಂಥ ಗಾತ್ರದ ಉದ್ಯಮವು ವರ್ಷಕ್ಕೆ ಹದಿನೈದು ದಿನಗಳ ವೇತನವನ್ನು ಕೊಟ್ಟು ಮುಳುಗಿಹೋಗುವುದೆಂದು ಯಾರಾದರೂ ನಂಬಿದರೆ, ಅವರಿಗೆ ಲೆಕ್ಕ ಕಲಿಸುವುದು ಲೇಖಕನ ಕೆಲಸವಲ್ಲ.

ಅಮೆರಿಕವನ್ನು ನೋಡಿ, ಅಲ್ಲಿ ಬೆಳಗ್ಗೆ ಇಮೇಲ್, ಮಧ್ಯಾಹ್ನ ಮನೆಗೆ, ಯಾರೂ ಅಳುವುದಿಲ್ಲ ಎಂಬ ಮಾತನ್ನೂ ಕೇಳಿದ್ದೇನೆ. ಎಚ್-1ಬಿ ವೀಸಾದಲ್ಲಿದ್ದು, ಕೆಲಸ ಹೋದ ಮೇಲೆ ದೇಶ ಬಿಡದೆ ಇನ್ನೊಂದು ಕೆಲಸ ಹುಡುಕಲು ಅರುವತ್ತು ದಿವಸ ಮಾತ್ರ ಉಳಿದ ನಮ್ಮ ಹುಡುಗರು ಅಳುವುದಿಲ್ಲವೆಂದು ಹೇಳುವವರು ಅವರ ಮನೆಗೆ ಹೋಗಿಲ್ಲ. ಅದಿರಲಿ. ಇಷ್ಟಬಂದಾಗ ತೆಗೆಯುವ ಪದ್ಧತಿಗೆ ತವರೆನಿಸಿದ ಆ ದೇಶದಲ್ಲಿಯೂ, ನೂರಕ್ಕೆ ಕಡಿಮೆಯಿಲ್ಲದ ನೌಕರರಿರುವ ಸಂಸ್ಥೆಯು ದೊಡ್ಡ ಪ್ರಮಾಣದಲ್ಲಿ ಜನರನ್ನು ತೆಗೆಯುವಾಗ ಅರುವತ್ತು ದಿವಸಗಳ ಮುನ್ಸೂಚನೆ ಕೊಡಬೇಕೆಂಬ ಕಾನೂನು 1988ರಿಂದ ಇದೆ. ನಲವತ್ತು ವಯಸ್ಸು ದಾಟಿದವರನ್ನು ಗುಂಪಾಗಿ ತೆಗೆದು, ಪರಿಹಾರ ಪಡೆದು ವಯೋಭೇದದ ದಾವೆಯ ಹಕ್ಕನ್ನು ಬಿಟ್ಟುಕೊಡುವ ಪತ್ರಕ್ಕೆ ಸಹಿ ಕೇಳಿದರೆ, ಯೋಚಿಸಲು ನಲವತ್ತೈದು ದಿವಸ ಕೊಡಬೇಕು. ಸಹಿ ಹಾಕಿದ ಮೇಲೂ ಏಳು ದಿವಸದೊಳಗೆ ಅದನ್ನು ಹಿಂತೆಗೆದುಕೊಳ್ಳಬಹುದು. ಅಲ್ಲಿ ನಲವತ್ತೈದು ದಿವಸ. ಹೊರವರ್ತುಲ ರಸ್ತೆಯ ಗಾಜಿನ ಕೋಣೆಯಲ್ಲಿ ಹದಿನೈದು ನಿಮಿಷ. ಪಾಶ್ಚಾತ್ಯರನ್ನು ಅನುಕರಿಸುವವರು ಪೂರ್ತಿಯಾಗಿ ಅನುಕರಿಸಿದ್ದರೆ ನಮ್ಮ ಹುಡುಗರಿಗೆ ಎಷ್ಟೋ ಉಪಕಾರವಾಗುತ್ತಿತ್ತು.

ಇನ್ನುಳಿದದ್ದು ಭಯ. ಅದನ್ನು ನಾನು ಹಗುರವಾಗಿ ಕಾಣಲಾರೆ. ಗೃಹಸಾಲದ ಇಎಂಐ, ಮಗುವಿನ ಶಾಲೆಯ ಫೀಸು, ಕೊನೆಯ ದಿನಕ್ಕೇ ಮುಗಿದುಹೋಗುವ ಗುಂಪು ವೈದ್ಯಕೀಯ ವಿಮೆ, ಮುಂದಿನ ಸಂಸ್ಥೆಯವರು ಹಿಂದಿನವರಿಗೆ ಫೋನು ಮಾಡುವ ಸಂಭವ: ಇವುಗಳ ನಡುವೆ ನಿಂತವನಿಗೆ ಧೀರನಾಗೆಂದು ಹೇಳುವುದು ಸುಲಭ. ಚೆನ್ನೈನ ಆ ಇಂಜಿನಿಯರಿಗೆ ತೀರ್ಪು ಬರಲು ಏಳು ವರ್ಷ ಹಿಡಿಯಿತೆಂಬುದನ್ನೂ ಮರೆಯಲಾಗದು. ಆದರೆ ಭಯದ ಉಪದೇಶವು ಎರಡು ಬೇರೆ ಬೇರೆ ವಿಷಯಗಳನ್ನು ಒಂದಾಗಿ ಕಟ್ಟಿಬಿಟ್ಟಿದೆ. ರಾಜೀನಾಮೆ ಬರೆಯದಿರುವುದೂ ನ್ಯಾಯಾಲಯಕ್ಕೆ ಹೋಗುವುದೂ ಒಂದೇ ಅಲ್ಲ. ಮೊದಲನೆಯದಕ್ಕೆ ವಕೀಲರು ಬೇಡ, ಖರ್ಚಿಲ್ಲ, ಏಳು ವರ್ಷ ಬೇಡ. ರಿಟ್ರೆಂಚ್‌ಮೆಂಟ್ ಎಂದು ಬರೆದ ಪತ್ರದಿಂದ ಯಾರ ಶೀಲಕ್ಕೂ ಕಳಂಕ ಬಾರದು. ಅದರಲ್ಲಿರುವುದು ಹುದ್ದೆ ಬೇಡವಾಯಿತೆಂಬ ಮಾತು, ನೌಕರನು ಬೇಡವಾದನೆಂಬುದಲ್ಲ. ದುರ್ನಡತೆಗಾಗಿ ವಜಾ ಮಾಡಬೇಕಾದರೆ ಆರೋಪ, ವಿಚಾರಣೆ ನಡೆಯಬೇಕು, ‘ಟರ್ಮಿನೇಟ್ ಮಾಡಿಬಿಡುತ್ತೇವೆ’ ಎಂಬ ಬೆದರಿಕೆಯ ಹಿಂದೆ ಅಂಥದೇನೂ ಇರುವುದಿಲ್ಲ. ಮುಂದಿನ ಸಂದರ್ಶನದಲ್ಲಿ ‘ಕಂಪನಿ ರೀಸ್ಟ್ರಕ್ಚರ್ ಆಯಿತು, ನನ್ನ ಟೀಮೇ ಹೋಯಿತು’ ಎಂದು ಹೇಳುವವನಿಗೂ, ಎಂಟು ವರ್ಷದ ಕೆಲಸವನ್ನು ವೈಯಕ್ತಿಕ ಕಾರಣಕ್ಕೆ ಒಂದೇ ದಿನದಲ್ಲಿ ಬಿಟ್ಟೆನೆಂದು ಹೇಳಬೇಕಾದವನಿಗೂ, ಹೆಚ್ಚು ವಿವರಣೆ ಕೊಡಬೇಕಾಗುವುದು ಯಾರಿಗೆ?

ಹಾಗಾದರೆ ಆ ಕೋಣೆಯಲ್ಲಿ ಮಾಡತಕ್ಕದ್ದೇನು? ಅಲ್ಲಿ ಏನನ್ನೂ ಮಾಡಬೇಕಾಗಿಲ್ಲ, ವಾದವನ್ನಂತೂ ಮಾಡಲೇಬಾರದು. ಕೇಳಿಸಿಕೊಂಡು, ಮನೆಯವರೊಡನೆ ಯೋಚಿಸಿ ಬರವಣಿಗೆಯಲ್ಲಿ ಉತ್ತರ ಕೊಡುತ್ತೇನೆಂದು ಹೇಳಿ ಎದ್ದು ಬರಬೇಕು. ನೇಮಕಾತಿ ಪತ್ರ, ಸಂಬಳದ ಸ್ಲಿಪ್ಪುಗಳು, ಅಪ್ರೈಸಲ್‌ನ ಫಲಿತಾಂಶ, ಇವು ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದರೆ ಬ್ಯಾಡ್ಜು ಸತ್ತ ಮೇಲೆ ಸಿಗಲಾರವು. ತನ್ನವಾದ ಈ ಕಾಗದಗಳ ಪ್ರತಿಯನ್ನು, ಸಂಸ್ಥೆಯ ಗುಟ್ಟಿನ ಕಡತಗಳನ್ನು ಮುಟ್ಟದೆ, ಮೊದಲೇ ಮನೆಯಲ್ಲಿ ಇಟ್ಟಿರಬೇಕು. ಆಮೇಲೆ, ನಡೆದ ಮಾತುಕತೆಯನ್ನು ದಿನಾಂಕ, ವೇಳೆ, ಹೆಸರುಗಳ ಸಮೇತ ಉಲ್ಲೇಖಿಸಿ, ‘ನಾನು ರಾಜೀನಾಮೆ ಕೊಡುತ್ತಿಲ್ಲ, ಕೆಲಸದಲ್ಲಿ ಮುಂದುವರಿಯಲು ಸಿದ್ಧನಿದ್ದೇನೆ, ಸಂಸ್ಥೆಯು ನನ್ನ ಸೇವೆಯನ್ನು ಕೊನೆಗೊಳಿಸುವುದಾದರೆ ಕಾನೂನಿನಂತೆ ನೋಟಿಸನ್ನೂ ಪರಿಹಾರವನ್ನೂ ಬರೆದುಕೊಡಬೇಕು’ ಎಂಬ ಮೂರು ಮಾತುಗಳ ಇಮೇಲ್ ಕಳಿಸಬೇಕು. ಆಗಲೇ ಒತ್ತಡಕ್ಕೆ ಮಣಿದು ರಾಜೀನಾಮೆ ಕಳಿಸಿಬಿಟ್ಟಿದ್ದವರು, ಅದು ಬಲವಂತದಿಂದ ಪಡೆದದ್ದೆಂದು ತಡಮಾಡದೆ ಬರೆದು ಹಿಂತೆಗೆದುಕೊಳ್ಳಬಹುದು. ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಬಲವಂತವೆಂದರೆ ನಂಬುವವರು ಕಡಿಮೆ.

ಇಂಥ ಇಮೇಲ್ ಬಂದ ಮೇಲೆ ಕೆಲವೊಮ್ಮೆ ಸಂಸ್ಥೆಯೇ ಒಪ್ಪಂದಕ್ಕೆ ಕರೆಯಬಹುದು. ಒಪ್ಪಂದವನ್ನು ನಾನು ಹಳಿಯುತ್ತಿಲ್ಲ. ಹಳಿಯುತ್ತಿರುವುದು ಬರಿಗೈಯ ಒಪ್ಪಂದವನ್ನು. ಎಷ್ಟು ತಿಂಗಳ ವೇತನ, ಉಳಿದ ರಜೆಯ ಹಣ, ವರ್ಷದ ಬೋನಸ್ಸಿನ ಪಾಲು, ವಿಮೆಯನ್ನು ಕೆಲವು ತಿಂಗಳು ಮುಂದುವರಿಸುವುದು, ಅನುಭವ ಪತ್ರದ ಒಕ್ಕಣೆ, ಇವೆಲ್ಲವೂ ಸಹಿಗೆ ಮುಂಚೆ ಕಾಗದದ ಮೇಲೆ ಬರಬೇಕು. ಒಪ್ಪಂದಕ್ಕೆ ಬರದಿದ್ದರೆ, ಬನ್ನೇರುಘಟ್ಟ ರಸ್ತೆಯ ಡೇರಿ ಸರ್ಕಲ್ ಬಳಿಯ ಕಾರ್ಮಿಕ ಭವನದಲ್ಲಿ ರಾಜಿ ಅಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ಒಬ್ಬನೇ ನೌಕರನ ತಕರಾರನ್ನೂ ಕೈಗಾರಿಕಾ ವಿವಾದವೆಂದೇ ಕಾನೂನು ಪರಿಗಣಿಸುವುದರಿಂದ ಇದಕ್ಕೆ ಸಂಘದ ಸದಸ್ಯತ್ವವು ಅಗತ್ಯವಿಲ್ಲ. ಆದರೂ ಕರ್ನಾಟಕ ರಾಜ್ಯ ಐಟಿ ಮತ್ತು ಐಟಿಇಎಸ್ ನೌಕರರ ಸಂಘವೊಂದು ಇದ್ದು, ಇಂಥ ಅರ್ಜಿಗಳನ್ನು ಬರೆದು ರೂಢಿಯಿರುವವರು ಅಲ್ಲಿದ್ದಾರೆ. ನಲವತ್ತೈದು ದಿವಸಗಳಲ್ಲಿ ರಾಜಿಯಾಗದಿದ್ದರೆ ನೌಕರನು ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಹಳೆಯ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷಗಳ ಅವಕಾಶವಿದ್ದಿತು. ಹೊಸ ಸಂಹಿತೆಯಲ್ಲಿ ಅದು ಎರಡೇ ವರ್ಷಕ್ಕೆ ಇಳಿದಿದೆ.